ವಾಡೆಯ ವಾಕ್ಯದಲ್ಲಿ ಕಾಣದ ಕರ್ತೃ: ಪುಣೆಯ ಮನೆ-ಸಂಗ್ರಹಾಲಯಗಳು ಮತ್ತು ನಗರದ ತೊತ್ತುಗಳು

1

ಐತಿಹಾಸಿಕವಾದ ಮನೆಯೊಂದನ್ನು ವಸ್ತುಸಂಗ್ರಹಾಲಯವೆಂದು ಕಾಯ್ದಿರಿಸಿದಾಗ ಅದು ಬರಿಯ ಕಟ್ಟಡವಾಗಿ ಉಳಿಯುವುದಿಲ್ಲ, ಪಠ್ಯವಾಗುತ್ತದೆ. ಯಾವ ಕೋಣೆಯನ್ನು ನೋಡುಗರಿಗೆ ತೆರೆಯಬೇಕು, ಯಾವುದಕ್ಕೆ ಬೀಗ ಹಾಕಬೇಕು, ಯಾವ ವಸ್ತುವನ್ನು ಗಾಜಿನೊಳಗೆ ಇಡಬೇಕು, ಅದರ ಕೆಳಗೆ ಏನು ಬರೆಯಬೇಕು ಎಂಬ ಆಯ್ಕೆಗಳೇ ಈ ಪಠ್ಯದ ವ್ಯಾಕರಣ. ಆದ್ದರಿಂದ ಕಾವ್ಯವನ್ನು ಓದುವಂತೆಯೇ ಮನೆಯನ್ನೂ ಓದಬಹುದು, ಅದು ಹೇಳುವುದನ್ನೂ ಹೇಳದೆ ಬಿಡುವುದನ್ನೂ ಒಟ್ಟಿಗೆ ಪರಿಶೀಲಿಸಬಹುದು. ಪ್ರಸ್ತುತ ಲೇಖನವು ಪುಣೆಯ ಕೆಲವು ವಾಡೆಗಳನ್ನೂ ಅಲ್ಲಿನ ಸಂಗ್ರಹವೊಂದನ್ನೂ ಈ ರೀತಿ ಓದುವ ಪ್ರಯತ್ನ. ಓದಿಗೆ ಇಟ್ಟುಕೊಂಡಿರುವ ಪ್ರಶ್ನೆ ಒಂದೇ. ಹದಿನೆಂಟನೆಯ ಶತಮಾನದ ಪುಣೆಯ ಗೃಹಜೀವನವನ್ನು ಹೊತ್ತು ನಿಂತಿದ್ದ ಒಡೆತನದ ಹೆಂಗಸರು, ಅಂದರೆ ಮರಾಠಿ ದಾಖಲೆಗಳು ‘ಕುಣಬಿಣಿ’ ಮತ್ತು ‘ಬಟೀಕ’ ಎಂದು ಕರೆಯುವ ತೊತ್ತುಗಳು, ಈ ಮನೆಗಳಲ್ಲಿ ಇಂದು ಎಲ್ಲಿ ಸಿಗುತ್ತಾರೆ?

ಗುಲಾಮಗಿರಿ ಎಂದೊಡನೆ ನಮ್ಮ ಓದುಗರ ಕಣ್ಣೆದುರು ಬರುವುದು ಅಮೆರಿಕದ ಹತ್ತಿಯ ಹೊಲ ಮತ್ತು ಅಟ್ಲಾಂಟಿಕದ ಹಡಗು. ನಗರದ ಮನೆಯೊಳಗಿನ ದಾಸ್ಯ ಬರುವುದಿಲ್ಲ. ಬಂದರೂ ಅದು ಬೇರೆಯವರ ನಾಡಿನದಾಗಿರುತ್ತದೆ. ಪುಣೆಯಾದರೋ ಕನ್ನಡಿಗರಿಗೆ ಪರಕೀಯವಾದ ಊರಲ್ಲ. ಧಾರವಾಡ, ಬೆಳಗಾವಿ, ಬಿಜಾಪುರದ ಸೀಮೆಗಳು ಪೇಶವೆಯ ಆಡಳಿತವನ್ನು ಕಂಡಿವೆ. ‘ವಾಡೆ’ ಎಂಬ ಮಾತೂ ದೇಸಗತಿಯ ಮನೆಗಳ ಮೂಲಕ ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಬೇರೂರಿದೆ. ಆದುದರಿಂದ ಪುಣೆಯ ವಾಡೆಯ ಕುರಿತು ಕೇಳುವ ಪ್ರಶ್ನೆ ಕೊನೆಗೆ ನಮ್ಮ ಕಡೆಗೂ ತಿರುಗುತ್ತದೆ.

2

ಮೊದಲು ಕಣ್ಣಿಗೆ ಬೀಳುವುದನ್ನು ನೋಡೋಣ. ಶನಿವಾರವಾಡೆಗೆ ಒಂದನೆಯ ಬಾಜಿರಾಯನು ಅಡಿಗಲ್ಲು ಹಾಕಿದ್ದು 1730ರ ಜನವರಿ 10ರಂದು, ಗೃಹಪ್ರವೇಶವಾದದ್ದು 1732ರಲ್ಲಿ. 1828ರ ಫೆಬ್ರವರಿಯ ಬೆಂಕಿಯಲ್ಲಿ ಮರದ ಮಹಡಿಗಳೆಲ್ಲ ಉರಿದುಹೋದವು. ಇಂದು ಉಳಿದಿರುವುದು ಕೋಟೆಗೋಡೆ, ಬಾಗಿಲುಗಳು, ಕಾರಂಜಿಯ ತಳ ಮತ್ತು ಹುಲ್ಲುಹಾಸಿನ ನಡುವೆ ಅಡಿಪಾಯದ ಕಲ್ಲುಗಳು. ಹೀಗೆ ಬರಿದಾದ ಮನೆಯಲ್ಲಿ ಕಥನವನ್ನು ಹೊರುವ ಕೆಲಸ ಬಾಗಿಲುಗಳ ಮೇಲೆ ಬಿದ್ದಿದೆ. ಉತ್ತರಕ್ಕೆ ಮುಖಮಾಡಿದ ದಿಲ್ಲಿ ದರವಾಜೆ ಮರಾಠರ ಮಹತ್ವಾಕಾಂಕ್ಷೆಯನ್ನು ಹೇಳುತ್ತದೆ, ಮಸ್ತಾನಿ ದರವಾಜೆ ಪ್ರೇಮಕಥೆಯನ್ನು. ದಕ್ಷಿಣದ ಜಾಂಭೂಳ ದರವಾಜೆಯ ಸಂಗತಿ ಹೆಚ್ಚು ಕುತೂಹಲಕರವಾದುದು. ನಾಟಕಶಾಲೆಯ ಹೆಂಗಸರು, ಎಂದರೆ ವಾಡೆಯ ಭೋಗಸ್ತ್ರೀಯರು, ಈ ಬಾಗಿಲಿನಿಂದ ಓಡಾಡುತ್ತಿದ್ದರೆಂದು ಪರಿಚಯಗ್ರಂಥಗಳು ತಿಳಿಸುತ್ತವೆ. 1773ರ ಆಗಸ್ಟ್ 30ರಂದು ಕೊಲೆಯಾದ ನಾರಾಯಣರಾಯ ಪೇಶವೆಯ ದೇಹವನ್ನು ಇದೇ ಬಾಗಿಲಿನಿಂದ ಹೊರಗೆ ಸಾಗಿಸಿದರಂತೆ. ಆಮೇಲೆ ಅದಕ್ಕೆ ನಾರಾಯಣ ದರವಾಜೆ ಎಂಬ ಹೆಸರೂ ಬಂತು. ದಿನನಿತ್ಯ ಓಡಾಡುತ್ತಿದ್ದವರ ಹೆಸರು ಬಾಗಿಲಿಗೆ ಬರಲಿಲ್ಲ, ಒಮ್ಮೆ ಹೊರಬಂದ ಒಡೆಯನ ಹೆಸರು ಬಂತು. ವಾಡೆಯ ಸ್ಮೃತಿ ಯಾವುದನ್ನು ಘಟನೆಯೆಂದು ಎಣಿಸುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ ಸಾಕು.

ಎರಡನೆಯ ಬಾಜಿರಾಯನು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಟ್ಟಿಸಿದ ವಿಶ್ರಾಮಬಾಗವಾಡೆ ಇಂದಿಗೂ ನಿಂತಿದೆ. ಸಾಗುವಾನಿಯ ಕಂಬ, ಬಾಳೆಹೂವಿನ ಕೆತ್ತನೆ, ಚೌಕವಾದ ಅಂಗಳ ಇವುಗಳನ್ನು ಅಲ್ಲಿ ಈಗಲೂ ಕಾಣಬಹುದು. ಪೇಶವೆಯ ಆಳ್ವಿಕೆ 1818ರಲ್ಲಿ ಮುಗಿದು ಮೂರೇ ವರ್ಷಕ್ಕೆ, 1821ರಲ್ಲಿ, ಈ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಪೇಶವೆಯರು ಶ್ರಾವಣಮಾಸದಲ್ಲಿ ಬ್ರಾಹ್ಮಣರಿಗೆ ಹಂಚುತ್ತಿದ್ದ ದಕ್ಷಿಣೆಯ ಹಣದ ಒಂದು ಭಾಗವೇ ಅದಕ್ಕೆ ಆಧಾರವಾಯಿತು. ಪುಣೆಯ ಆಧುನಿಕ ವಿದ್ಯೆಯ ಚರಿತ್ರೆ ಈ ಅಂಗಳದಿಂದ ಹೊರಡುತ್ತದೆ ಎಂಬುದು ಸರಿಯಾದ ಹೆಮ್ಮೆ. ಆದರೆ ದಕ್ಷಿಣೆಯ ದಿನಗಳಲ್ಲಿ ಅಷ್ಟು ಜನಕ್ಕೆ ಬೇಕಾದ ಧಾನ್ಯವನ್ನು ಕೇರಿದವರು, ಬೀಸಿದವರು, ಪಾತ್ರೆ ಬೆಳಗಿದವರು ಯಾರೆಂಬುದು ಆ ಚರಿತ್ರೆಯ ಆಚೆಗೆ ಉಳಿದಿದೆ.

ಮೂರನೆಯದು ಶುಕ್ರವಾರ ಪೇಟೆಯ ರಾಜಾ ದಿನಕರ ಕೇಳಕರ ಸಂಗ್ರಹಾಲಯ. ದಿನಕರ ಗಂಗಾಧರ ಕೇಳಕರರು (1896–1990) ತೀರಿಕೊಂಡ ತಮ್ಮ ಎಳೆಯ ಮಗನ ನೆನಪಿಗೆ ಮನೆಯಲ್ಲಿಯೇ ಬೆಳೆಸಿದ ಸಂಗ್ರಹವಿದು. ರಾಜರ ಕತ್ತಿ ಕಿರೀಟಗಳಿಗಿಂತ ಮನೆಬಳಕೆಯ ವಸ್ತುಗಳನ್ನು ಕೇಳಕರರು ಮೆಚ್ಚಿ ಕೂಡಿಹಾಕಿದರು. ದೀಪಗಳು, ಅಡಕೊತ್ತುಗಳು, ಪಾನದಾನಿಗಳು, ಕಾಲು ಉಜ್ಜುವ ವಜ್ರಿಗಳು, ಅಡುಗೆಯ ಪಾತ್ರೆಗಳು, ಕೊಥರೂಡಿನಿಂದ ತಂದು ಮರಳಿ ಜೋಡಿಸಿದ ಮಸ್ತಾನಿಮಹಲು ಇಲ್ಲಿವೆ. ಭಾರತದ ಸಂಗ್ರಹಾಲಯಗಳ ಇತಿಹಾಸದಲ್ಲಿ ಇದೊಂದು ದೊಡ್ಡ ಹೆಜ್ಜೆ. ಕೈಯ ಬೆವರು ಅಂಟಿದ ವಸ್ತುವೂ ಕಲೆಯೇ ಎಂದು ಅದು ಸಾಧಿಸಿ ತೋರಿಸಿದೆ. ಹಾಗಾಗಿಯೇ ನಮ್ಮ ಪ್ರಶ್ನೆಗೆ ಉತ್ತರ ಸಿಗಬಹುದಾದ ಸ್ಥಳವೂ ಇದೇ. ಆದರೆ ವಸ್ತುವಿನ ಹೆಸರು, ಲೋಹ, ಪ್ರದೇಶ, ಶತಮಾನ ಎಂಬ ನಾಲ್ಕು ವಿವರಗಳಲ್ಲಿ ಮುಗಿಯುವ ಫಲಕದ ಪದ್ಧತಿ ಕೈಯನ್ನು ಬಿಟ್ಟು ವಸ್ತುವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ವಜ್ರಿಯಿಂದ ಕಾಲು ಉಜ್ಜಿಸಿಕೊಂಡವರು ಇದ್ದರೆ ಉಜ್ಜಿದವರೂ ಇರಬೇಕಷ್ಟೆ. ಕೇಳಕರರು ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಕವಿತೆ ಬರೆದವರು. ಅವರ ಸಂಗ್ರಹದ ನಿಜವಾದ ಅಜ್ಞಾತವಾಸಿಗಳು ಈ ವಸ್ತುಗಳನ್ನು ದಿನವೂ ಹಿಡಿದವರು.

ಆಡಳಿತದ ಕನ್ನಡಕ್ಕೂ ಸಂಗ್ರಹಾಲಯಗಳ ಕನ್ನಡಕ್ಕೂ ಒಂದು ಪ್ರಯೋಗ ಬಹಳ ಪ್ರಿಯವಾದುದು: ‘ಬಳಸಲಾಗುತ್ತಿತ್ತು’, ‘ಹೊತ್ತಿಸಲಾಗುತ್ತಿತ್ತು’, ‘ತರಲಾಗುತ್ತಿತ್ತು’. ನಮ್ಮ ಆಡುನುಡಿಗೆ ಈ ಕರ್ಮಣಿ ಪ್ರಯೋಗ ಒಗ್ಗುವುದಿಲ್ಲ. ಅಡುಗೆಮನೆಯಲ್ಲಿ ಮಾತಾಡುವವರು ನೀರನ್ನು ಯಾರು ತಂದರೆಂದು ಹೇಳುತ್ತಾರೆ. ಇತಿಹಾಸದ ಮನೆಗಳಲ್ಲಿ ಮಾತ್ರ ನೀರು ತಾನಾಗಿ ಬರುತ್ತದೆ. ನಾನಾಸಾಹೇಬ ಪೇಶವೆಯ ಕಾಲದಲ್ಲಿ ಕಾತ್ರಜದಿಂದ ಪುಣೆಗೆ ಕಾಲುವೆಯಲ್ಲಿ ನೀರು ಹರಿದು ಹೌದುಗಳನ್ನು ತುಂಬಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಹೌದಿನಿಂದ ಹಂಡೆಯವರೆಗಿನ ದಾರಿಯಲ್ಲಿ ವಾಕ್ಯದ ಕರ್ತೃಪದ ಕಾಣೆಯಾಗಿದೆ.

3

ಈ ಕರ್ತೃಪದ ಕಳೆದುಹೋದದ್ದು ಆಧಾರಗಳ ಅಭಾವದಿಂದಲ್ಲ. ಅದೇ ಪುಣೆಯ ಪೇಶವೆ ದಫ್ತರಿನಲ್ಲಿ ಮೋಡಿ ಲಿಪಿಯ ರುಮಾಲುಗಳು ರಾಶಿಯಾಗಿ ಬಿದ್ದಿವೆ. ಗಣೇಶ ಚಿಮಣಾಜಿ ವಾಡ ಅವರು ಆಯ್ದ ಪೇಶವೆ ರೋಜನಿಶಿಗಳೂ, ಗೋವಿಂದ ಸಖಾರಾಮ ಸರದೇಸಾಯಿಯವರು 1930ರ ದಶಕದ ಮೊದಲ ವರ್ಷಗಳಲ್ಲಿ 45 ಸಂಪುಟಗಳಾಗಿ ಪ್ರಕಟಿಸಿದ ದಫ್ತರಿನ ಆಯ್ದ ಪತ್ರಗಳೂ ಅಚ್ಚಿನಲ್ಲಿವೆ. ಉಮಾ ಚಕ್ರವರ್ತಿಯವರು 1995ರಲ್ಲಿ ಹದಿನೆಂಟನೆಯ ಶತಮಾನದ ಮಹಾರಾಷ್ಟ್ರದ ಪತ್ನೀತ್ವ, ವೈಧವ್ಯ, ವ್ಯಭಿಚಾರಗಳ ಮೇಲೆ ಪ್ರಭುತ್ವ ಇಟ್ಟಿದ್ದ ಕಣ್ಣನ್ನು ಕುರಿತು ಬರೆದರು. ಸುಮಿತ್ ಗುಹಾ ಅವರು, ಇಂದ್ರಾಣಿ ಚಟರ್ಜಿ ಮತ್ತು ರಿಚರ್ಡ್ ಈಟನ್ ಸಂಪಾದಿಸಿದ 2006ರ ಸಂಕಲನದಲ್ಲಿ, ಪಶ್ಚಿಮ ಭಾರತದ ದಾಸ್ಯ ಮತ್ತು ಪ್ರಭುತ್ವದ ನಂಟನ್ನು ಪರಿಶೀಲಿಸಿದರು. ಇಂಥ ಅಧ್ಯಯನಗಳಿಂದ ಮೂಡುವ ಚಿತ್ರದ ಮುಖ್ಯರೇಖೆಗಳು ಸ್ಪಷ್ಟವಾಗಿವೆ.

ತೊತ್ತುಗಳಾದವರು ಒಂದೇ ದಾರಿಯಿಂದ ಬಂದವರಲ್ಲ. ಬರಗಾಲದಲ್ಲಿ ಮಾರಾಟವಾದ ಮಕ್ಕಳಿದ್ದರು, ದಂಡಯಾತ್ರೆಯಲ್ಲಿ ಸೆರೆಸಿಕ್ಕವರಿದ್ದರು, ವ್ಯಾಪಾರಿಗಳು ದೂರದಿಂದ ತಂದವರಿದ್ದರು, ತೊತ್ತಿನ ಹೊಟ್ಟೆಯಲ್ಲೇ ಹುಟ್ಟಿದವರಿದ್ದರು. ಇವರೊಂದಿಗೆ ಪ್ರಭುತ್ವವೇ ತಯಾರಿಸಿದ ಇನ್ನೊಂದು ವರ್ಗವಿತ್ತು. ವ್ಯಭಿಚಾರದ ಆರೋಪ ಸಾಬೀತಾದ ಹೆಂಗಸನ್ನು ಸರಕಾರ ದಾಸ್ಯಕ್ಕೆ ತಳ್ಳುತ್ತಿತ್ತು. ಕೋಟೆಗಳಿಗೆ, ಧಾನ್ಯದ ಕೋಠಿಗಳಿಗೆ, ಲಾಯಗಳಿಗೆ, ಕಾರಖಾನೆಗಳಿಗೆ ಕಳಿಸುತ್ತಿತ್ತು, ಇಲ್ಲವೆ ಅಧಿಕಾರಿಗಳಿಗೆ ಕೊಡುತ್ತಿತ್ತು. ಕೊಂಡು ತಂದ ಹೆಣ್ಣಿನ ಮೇಲೆ ಸುಂಕವಿತ್ತು. ದೊಡ್ಡವರಿಗೆ ಸುಂಕ ಮಾಫಿಯಾಗುತ್ತಿತ್ತು. ಮುದಿಯಾದವರನ್ನು, ಅಥವಾ ಬದಲಿ ಹೆಂಗಸನ್ನೋ ಹಣವನ್ನೋ ಒಪ್ಪಿಸಿದವರನ್ನು ಬಿಡುಗಡೆ ಮಾಡಿದ್ದುಂಟು. ಅಂದರೆ ದಾಸ್ಯವು ಮನೆಯೊಳಗಿನ ಖಾಸಗಿ ವ್ಯವಹಾರವಾಗಿರಲಿಲ್ಲ. ನ್ಯಾಯ, ಸುಂಕ, ಉಗ್ರಾಣ ಈ ಮೂರೂ ಖಾತೆಗಳಿಗೆ ಸೇರಿದ ರಾಜ್ಯವ್ಯವಸ್ಥೆಯಾಗಿತ್ತು.

‘ಕುಣಬಿಣಿ’ ಎಂಬ ಹೆಸರನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಅದರ ನೇರವಾದ ಅರ್ಥ ಕುಣಬಿ, ಎಂದರೆ ಒಕ್ಕಲ ಜಾತಿಯ ಹೆಂಗಸು. ಊರು, ತಂದೆ, ಕುಲ ಎಲ್ಲವನ್ನೂ ಕಳಚಿಕೊಂಡು ಬಂದ ಹುಡುಗಿಗೆ ಈ ಹೆಸರು ಒಂದು ಜಾತಿಯನ್ನು ಕೊಡುತ್ತದೆ. ಮುಟ್ಟಬಹುದಾದ, ನೀರು ತರಿಸಿಕೊಳ್ಳಬಹುದಾದ ಜಾತಿಯನ್ನೇ ಕೊಡುತ್ತದೆ. ಮಡಿ-ಮೈಲಿಗೆಯ ಕಟ್ಟುನಿಟ್ಟಿದ್ದ ಮನೆಯೊಳಗೆ ಕೊಂಡ ಹೆಣ್ಣು ಕೆಲಸ ಮಾಡಬೇಕಾದರೆ ಅವಳ ಸ್ಪರ್ಶಕ್ಕೆ ಮೊದಲು ಒಂದು ರಹದಾರಿ ಬೇಕು. ಹೆಸರೇ ಆ ರಹದಾರಿ. ಗಂಗೊಳ್ಳಿಯಿಂದ ಗೋದಾವರಿಯವರೆಗೆ ಮನೆಯಾಳಿನ ಜಾತಿಯನ್ನು ವಿಚಾರಿಸದೆ ಒಳಗೆ ಬಿಟ್ಟುಕೊಳ್ಳದ ಸಮಾಜದಲ್ಲಿ, ಅಮೆರಿಕದ ಮಾದರಿಯಿಂದ ಮಾತ್ರ ಇಲ್ಲಿನ ದಾಸ್ಯವನ್ನು ಅಳೆಯಲಾಗದು ಎಂಬುದಕ್ಕೆ ಈ ಹೆಸರೇ ಆಧಾರ. ಅಲ್ಲಿ ಮೈಬಣ್ಣ ದಾಸ್ಯದ ಗುರುತಾಗಿತ್ತು. ಇಲ್ಲಿ ಹೆಸರು ದಾಸ್ಯವನ್ನು ಒಕ್ಕಲುತನದ ವೇಷದಲ್ಲಿ ಮರೆಸಿತು.

ಇನ್ನೊಂದು ಎಚ್ಚರವೂ ಅಗತ್ಯ. ಈ ಹೆಂಗಸರು ದಾಖಲೆಗೆ ಬರುವುದು ಕೊಂಡಾಗ, ಸುಂಕ ಕೊಟ್ಟಾಗ, ಕೈಬದಲಾದಾಗ, ಓಡಿಹೋದಾಗ, ಬಿಡುಗಡೆಯಾದಾಗ. ಇವೆಲ್ಲ ಒಡೆಯರ ಕಾಗದಗಳು. ಅವಳು ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕುಳಿತದ್ದು ರುಮಾಲಿನಲ್ಲಿ ಸಿಗುವುದಿಲ್ಲ. ಬೀಸುಕಲ್ಲು ಸಂಗ್ರಹಾಲಯದ ಪಾಲಿಗೆ ಬಂದಿದೆ, ಕಾಗದ ದಫ್ತರಿನ ಪಾಲಿಗೆ ಬಂದಿದೆ. ಎರಡನ್ನೂ ಕೂಡಿಸಿ ಓದಿದಾಗ ಮಾತ್ರ ಒಬ್ಬ ಮನುಷ್ಯಳು ಕಾಣುತ್ತಾಳೆ.

4

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ನಮ್ಮ ನಾಡಿನ ದಾಸ್ಯ ಸೌಮ್ಯವಾದುದು, ತೊತ್ತುಗಳು ಮನೆಯವರಂತೆಯೇ ಇದ್ದರು, ಅವರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು ಎಂಬ ಮಾತು ಕಂಪನಿಯ ಕಾಲದಿಂದ ಇಂದಿನವರೆಗೂ ಕೇಳಿಬರುತ್ತಿದೆ. ಕೆಲವು ಮನೆಗಳ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ಒಡೆಯ ಸೌಮ್ಯನೋ ಕ್ರೂರನೋ ಎಂಬುದು ಒಡೆಯನ ಸ್ವಭಾವದ ವಿಚಾರ. ದಾಸ್ಯದ ವಿಚಾರ ಬೇರೆ: ಬಿಟ್ಟುಹೋಗುವ ಹಕ್ಕು ಅವಳಿಗಿತ್ತೇ, ಮಗುವನ್ನು ತನ್ನದೆನ್ನುವ ಹಕ್ಕು ಇತ್ತೇ, ಬೇಡವೆನ್ನುವ ಹಕ್ಕು ಇತ್ತೇ ಎಂಬುದು. ಪರಪುರುಷನ ಸಂಗದ ಆರೋಪಕ್ಕಾಗಿ ಒಬ್ಬಳನ್ನು ತೊತ್ತಾಗಿಸಿದ ವ್ಯವಸ್ಥೆಯೇ, ತೊತ್ತಾದವಳ ಮೈಮೇಲೆ ಒಡೆಯನ ಹಕ್ಕನ್ನು ಪ್ರಶ್ನಿಸದೆ ಬಿಟ್ಟಿತು. ಈ ವಿಸಂಗತಿಯನ್ನು ‘ಸೌಮ್ಯ’ ಎಂಬ ವಿಶೇಷಣ ಮುಚ್ಚಲಾರದು.

ಸಾರ್ವಜನಿಕ ಸ್ಮೃತಿಯ ಆಯ್ಕೆಗಳೂ ಇದೇ ಬಗೆಯವು. 1761ರ ಪಾಣಿಪತ್ ಯುದ್ಧದ ನಂತರ ಅಬ್ದಾಲಿಯ ಸೈನ್ಯ ಮರಾಠರ ಹೆಂಗಸರು ಮಕ್ಕಳನ್ನು ಸೆರೆಹಿಡಿದು ಗುಲಾಮರನ್ನಾಗಿ ಒಯ್ದದ್ದು ಮರಾಠಿ ಸಾಹಿತ್ಯದಲ್ಲಿ ಆಳವಾದ ಗಾಯವಾಗಿ ಉಳಿದಿದೆ. ಆ ದುಃಖ ನ್ಯಾಯವಾದುದು. ಅದೇ ವರ್ಷಗಳಲ್ಲಿ ಪುಣೆಯ ಮನೆಗಳೊಳಗೆ ಇದ್ದ ಕೊಂಡ ಹೆಂಗಸರ ವಿಷಯದಲ್ಲಿ ಆ ದುಃಖ ಯಾಕೆ ಹರಿಯಲಿಲ್ಲ ಎಂದು ಕೇಳುವುದೂ ನ್ಯಾಯವೇ. ಮಸ್ತಾನಿಯ ವಿಷಯವನ್ನೂ ಗಮನಿಸಬಹುದು. ಆಕೆ ತೊತ್ತಲ್ಲ, ಬುಂದೇಲಖಂಡದ ಛತ್ರಸಾಲನ ಮನೆಯಿಂದ ಬಂದವಳು. 1740ರಲ್ಲಿ ತೀರಿಕೊಂಡ ಈಕೆಯ ಹೆಸರಿನಲ್ಲಿ ಇಂದು ಬಾಗಿಲಿದೆ, ಮಹಲಿದೆ, ಚಲನಚಿತ್ರಗಳಿವೆ. ವಾಡೆಯ ಹೆಣ್ಣಿನ ಚರಿತ್ರೆಯೆಲ್ಲ ಒಂದು ಪ್ರೇಮಕಥೆಯೊಳಗೆ ಸಂಕೋಚಗೊಂಡಿರುವುದರಿಂದ ಮಿಕ್ಕ ಹೆಂಗಸರ ದುಡಿಮೆ ಕಥೆಯೇ ಅಲ್ಲವೆಂಬ ಭಾವನೆ ಬೆಳೆದಿದೆ.

5

ಇನ್ನು ನಮ್ಮ ಭಾಷೆಯ ಕಡೆಗೆ ತಿರುಗೋಣ. ಮರಾಠಿಯ ಕುಣಬಿಣಿಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ‘ಸೇವಕಿ’ ಎಂದರೆ ಸಂಬಳದ ಕಲ್ಪನೆ ಬರುತ್ತದೆ. ‘ಆಳು’ ಕೂಲಿಗೂ ಸಲ್ಲುತ್ತದೆ. ‘ಜೀತ’ ಸಾಲಕ್ಕೆ ಕಟ್ಟುಬಿದ್ದದ್ದು. ‘ದಾಸಿ’ಗೆ ಭಕ್ತಿಯ ಪರಿಮಳ ಹತ್ತಿದೆ. ಉಳಿಯುವುದು ‘ತೊತ್ತು’. ಹಳಗನ್ನಡದ ‘ತೊೞ್ತು’ವಿನಿಂದ ಬಂದ ಈ ಮಾತು ಇಂದು ಬಯ್ಗುಳವಾಗಿ ಮಾತ್ರ ಬದುಕಿದೆ. ಒಬ್ಬಳನ್ನು ಕೊಂಡವನ ಅವಮಾನ ಭಾಷೆಯಲ್ಲಿ ಕೊಂಡವನಿಗೆ ಅಂಟದೆ ಅವಳಿಗೂ ಅವಳ ಮಗನಿಗೂ ಅಂಟಿತು. ಕನ್ನಡದಲ್ಲಿ ‘ತೊತ್ತಿನ ಮಗ’ ಎಂಬ ಬಯ್ಗುಳವಿದೆ. ತೊತ್ತನ್ನು ಕೊಂಡವನನ್ನು ಬಯ್ಯುವ ಮಾತಿಲ್ಲ.

ಗಂಡಾಳಿನ ದಾಸ್ಯಕ್ಕೆ ನಮ್ಮ ಪರಂಪರೆ ಕೊಟ್ಟ ಗೌರವವನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಫುಟವಾಗುತ್ತದೆ. ಒಡೆಯನೊಂದಿಗೆ ಪ್ರಾಣಬಿಡುವೆನೆಂದು ಭಾಷೆಯಿತ್ತ ಲೆಂಕರಿಗೆ, ಗರುಡರಿಗೆ ಶಾಸನಗಳಿವೆ. ಹೊಯ್ಸಳ ಇಮ್ಮಡಿ ಬಲ್ಲಾಳನ ಕುವರ ಲಕ್ಷ್ಮನಿಗೆ ಹಳೇಬೀಡಿನಲ್ಲಿ ಕಂಬವೇ ನಿಂತಿದೆ. ಸಾಯುವ ನಿಷ್ಠೆಗೆ ಕಲ್ಲು ಸಿಕ್ಕಿತು. ದಿನವೂ ಬೀಸುವ ದುಡಿಮೆಗೆ ಬಯ್ಗುಳ ಸಿಕ್ಕಿತು.

ಶಾಸ್ತ್ರದ ನೆಲೆಯಲ್ಲಿಯೂ ಕರ್ನಾಟಕ ಹೊರಗಿನದಲ್ಲ. ಮಹಾರಾಷ್ಟ್ರದಲ್ಲಿಯೂ ಪ್ರಮಾಣವಾಗಿದ್ದ ಮಿತಾಕ್ಷರವನ್ನು ವಿಜ್ಞಾನೇಶ್ವರನು ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಮನೆಯಲ್ಲಿ ಹುಟ್ಟಿದವನು, ಕೊಂಡವನು, ಬರಗಾಲದಲ್ಲಿ ಸಾಕಿದವನು, ಯುದ್ಧದಲ್ಲಿ ಗೆದ್ದವನು ಎಂದು ಮೊದಲಾಗಿ ನಾರದನು ಹೇಳಿದ ಹದಿನೈದು ಬಗೆಯ ದಾಸರ ವಿವೇಚನೆ ಅದರಲ್ಲಿದೆ. ದಂಡನೆಯಿಂದಾದ ದಾಸ್ಯವನ್ನು ಮನುವಿನ ಏಳು ಬಗೆಗಳಲ್ಲಿ ಕಾಣಬಹುದು. ಪೇಶವೆಯ ದಫ್ತರಿನ ಹೆಂಗಸರು ಈ ಹಳೆಯ ಪಟ್ಟಿಗಳ ಮಾನವರೂಪಗಳು. ಆದರೆ ಅದೇ ಕಲ್ಯಾಣದಲ್ಲಿ, ಕೆಲವೇ ದಶಕಗಳ ಅನಂತರ, ಬಸವಣ್ಣನವರು ತಮ್ಮ ಹುಟ್ಟನ್ನು ದಾಸನ ಮಗನಿಗೂ ದಾಸಿಯ ಮಗಳಿಗೂ ಸೇರಿಸಿ ಹೇಳಿಕೊಂಡರು. ಇದನ್ನು ವಿನಯದ ಮಾತೆಂದು ಮಾತ್ರ ಓದುವುದು ಸಾಲದು. ಶಾಸ್ತ್ರ ‘ಗೃಹಜಾತ’ ಎಂದು ಎಣಿಸಿ ಒಡೆಯನ ಸೊತ್ತಾಗಿಸಿದ ಮಗುವಿನ ಜಾಗದಲ್ಲಿ ರಾಜ್ಯದ ಭಂಡಾರಿಯೊಬ್ಬ ತಾನೇ ನಿಂತದ್ದು ಅದು. ಧಾನ್ಯ ಕುಟ್ಟುವ ಕಾಯಕದಿಂದಲೇ ಹೆಸರಾದ ಕೊಟ್ಟಣದ ಸೋಮಮ್ಮನನ್ನೂ ಇಲ್ಲಿ ನೆನೆಯಬೇಕು. ನಾಮದೇವನ ಮನೆಯ ದಾಸಿ ಜನಾಬಾಯಿ ಮರಾಠಿಯ ಅಭಂಗಗಳಲ್ಲಿ ಬೀಸುಕಲ್ಲಿನ ಬಳಿಗೆ ವಿಠ್ಠಲನನ್ನೇ ಕರೆತಂದಳು. ಕುಟ್ಟುವ, ಬೀಸುವ ಹೆಂಗಸಿಗೆ ಕಾವ್ಯ ಹೆಸರು ಕೊಟ್ಟಿತ್ತು. ಐದಾರು ಶತಮಾನ ಕಳೆದ ಮೇಲೆ ಅದೇ ಕೆಲಸ ಮಾಡಿದವಳನ್ನು ವಾಡೆ ಹೆಸರಿಲ್ಲದೆ ಉಳಿಸಿತು.

ಆದ್ದರಿಂದ ‘ತೊತ್ತು’ ಎಂಬ ಮಾತನ್ನು ಬಯ್ಗುಳದಿಂದ ಬಿಡಿಸಿ ಚರಿತ್ರೆಯ ಪರಿಭಾಷೆಯಾಗಿ ಬಳಸುವುದು ಯುಕ್ತವೆಂದು ತೋರುತ್ತದೆ. ಕೊಂಡವಳು, ಸೆರೆಸಿಕ್ಕವಳು, ದಂಡನೆಗೆ ಒಳಗಾದವಳು, ತೊತ್ತಿಗೇ ಹುಟ್ಟಿದವಳು ಈ ನಾಲ್ವರಿಗೂ ಸಲ್ಲುವ ಕನ್ನಡದ ಮಾತು ಅದೊಂದೇ. ನೋವಾಗುತ್ತದೆಂದು ಅದನ್ನು ‘ಸೇವಕಿ’ ಎಂದು ತಿದ್ದಿದರೆ ನೋವು ಹೋಗುವುದಿಲ್ಲ, ಸಾಕ್ಷಿ ಹೋಗುತ್ತದೆ.

6

ಇಂಥ ಮನೆಗಳನ್ನು ಬೇರೆ ರೀತಿಯಲ್ಲಿ ತೋರಿಸಲು ಸಾಧ್ಯವೆಂಬುದಕ್ಕೆ ಹೊರಗಿನ ನಿದರ್ಶನಗಳಿವೆ. ಅಮೆರಿಕದ ಸವಾನಾ ನಗರದಲ್ಲಿ ವಿಲಿಯಂ ಜೇ ಎಂಬ ವಾಸ್ತುಶಿಲ್ಪಿ ರೂಪಿಸಿದ ಓವೆನ್ಸ್-ಥಾಮಸ್ ಮನೆ ಪೂರ್ಣಗೊಂಡದ್ದು 1819ರಲ್ಲಿ, ಪೇಶವೆಯ ಆಳ್ವಿಕೆ ಮುಗಿದ ಮರುವರ್ಷ. ಬಹುಕಾಲ ಅದು ಕಂಬ, ಮೆಟ್ಟಿಲು, ಪೀಠೋಪಕರಣಗಳ ಸೊಬಗಿಗಾಗಿಯೇ ಹೆಸರಾಗಿತ್ತು. ಹಿತ್ತಿಲ ಬಂಡಿಮನೆಯಲ್ಲಿದ್ದ ಗುಲಾಮರ ವಸತಿಯನ್ನು ಕಥನದ ನಡುವಿಗೆ ತಂದು, 2018ರಲ್ಲಿ ಸಂಗ್ರಹಾಲಯದ ಹೆಸರಿಗೇ ‘ಗುಲಾಮರ ವಸತಿಗಳು’ ಎಂಬ ಮಾತನ್ನು ಸೇರಿಸಿದರು. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಚ್ ಕಂಪನಿಯ 1679ರ ಗುಲಾಮರ ಕಟ್ಟಡ 1998ರಲ್ಲಿ ತನ್ನ ಹಳೆಯ ಹೆಸರನ್ನು ಮರಳಿ ಪಡೆಯಿತು. ಅಲ್ಲಿಗೆ ಮಾರಾಟವಾಗಿ ಹೋದವರಲ್ಲಿ ಬಂಗಾಳ, ಮಲಬಾರ, ಕೋರಮಂಡಲ ತೀರದವರೂ ಇದ್ದರೆಂಬುದು ನಾವು ನೆನೆಯಬೇಕಾದ ಸಂಗತಿ. ನಮ್ಮವರ ದಾಸ್ಯದ ಚರಿತ್ರೆಯನ್ನು ಕೇಪ್‌ಟೌನ್ ತೋರಿಸುತ್ತದೆ. ನಮ್ಮ ಮನೆಯೊಳಗಿನ ದಾಸ್ಯವನ್ನು ನಾವು ತೋರಿಸುತ್ತಿಲ್ಲ.

ಪುಣೆಯಲ್ಲಿ ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಅಡುಗೆಯ ಪಾತ್ರೆಯ ಪಕ್ಕದಲ್ಲಿ ದಫ್ತರಿನ ಒಂದು ಕಾಗದದ ಪ್ರತಿಯನ್ನೂ ಅದರ ಲಿಪ್ಯಂತರವನ್ನೂ ಇಟ್ಟರೆ ಸಾಕು. ಜಾಂಭೂಳ ದರವಾಜೆಯ ಬಳಿ ಅದರ ಎರಡೂ ಹೆಸರುಗಳ ಕಥೆಯನ್ನು ಬರೆದರೆ ಸಾಕು. ಈ ಮಾತು ಪುಣೆಗೆ ಮಾತ್ರ ಅನ್ವಯಿಸುವುದಿಲ್ಲ. ಕಿತ್ತೂರಿನ ಕೋಟೆಯ ವಾಡೆಯ ಅವಶೇಷಗಳಲ್ಲಾಗಲಿ, ಹಂಪೆಯಲ್ಲಿ ನಾವು ಜನಾನಾ ಎಂದು ಕರೆಯುವ ಆವರಣದಲ್ಲಾಗಲಿ, ನೀರು ಹೊತ್ತವರ ಪ್ರಶ್ನೆ ಹಾಗೆಯೇ ಇದೆ. ಕಡತಗಳೂ ಶಾಸನಗಳೂ ಕನ್ನಡದಲ್ಲಿಯೂ ಇವೆ. ‘ತೊತ್ತು’, ‘ಬಾಂದಿ’, ‘ಲೌಂಡಿ’, ‘ಊಳಿಗದವಳು’ ಮುಂತಾದ ಮಾತುಗಳ ಪ್ರಯೋಗಗಳನ್ನು ಶಾಸನ, ಕೈಫಿಯತ್ತು, ದೇಸಗತಿ ಮನೆತನಗಳ ಕಾಗದಗಳಿಂದ ಆಯ್ದು ಕಾಲಕ್ರಮದಲ್ಲಿ ಜೋಡಿಸುವ ಕೆಲಸವನ್ನು ಕನ್ನಡ ಸಂಶೋಧನೆ ಕೈಗೆತ್ತಿಕೊಳ್ಳಬೇಕಾಗಿದೆ.

ಕಾನೂನು ಈ ಒಡೆತನವನ್ನು ಒಪ್ಪುವುದನ್ನು ನಿಲ್ಲಿಸಿದ್ದು 1843ರ ಐದನೆಯ ಅಧಿನಿಯಮದಿಂದ. ಮನುಷ್ಯರನ್ನು ಗುಲಾಮರೆಂದು ಕೊಳ್ಳುವುದೂ ಮಾರುವುದೂ ಶಿಕ್ಷಾರ್ಹವಾದದ್ದು 1862ರಲ್ಲಿ ದಂಡಸಂಹಿತೆ ಜಾರಿಗೆ ಬಂದಾಗ. ಜೀತದ ರದ್ದತಿಗೆ 1976ರವರೆಗೆ ಕಾಯಬೇಕಾಯಿತು. ಕಾನೂನಿನ ಈ ವಾಕ್ಯಗಳಲ್ಲಿ ಒಡೆಯನ ಹಕ್ಕು ಅಳಿದಿದೆ. ಮನೆ-ಸಂಗ್ರಹಾಲಯಗಳ ವಾಕ್ಯಗಳಲ್ಲಿ ದುಡಿದವಳ ಹೆಸರು ಇನ್ನೂ ಸೇರಬೇಕಾಗಿದೆ. ಹೆಸರು ಸಿಗದ ಕಡೆ ಅವಳು ತೊತ್ತಾಗಿದ್ದಳೆಂಬುದನ್ನಾದರೂ ಬರೆಯಬೇಕು. ‘ದೀಪ ಹೊತ್ತಿಸಲಾಗುತ್ತಿತ್ತು’ ಎಂಬಲ್ಲಿ ‘ತೊತ್ತು ದೀಪ ಹೊತ್ತಿಸುತ್ತಿದ್ದಳು’ ಎಂದು ತಿದ್ದುವುದು ಸಣ್ಣ ಕೆಲಸ. ವಾಡೆಯ ಓದು ಅಲ್ಲಿಂದ ಮೊದಲಾಗಬಹುದು.